ವಲಯದ ಅಗಲವೊಂದೇ ಸಾಲದು

ಹೊಳೆಮತ್ತಿ ಮರದ ತೊಗಟೆಯ ಮೆಥನಾಲ್ ಸಾರವನ್ನು ಬ್ಯಾಕ್ಟೀರಿಯಾ ಹರಡಿದ ತಟ್ಟೆಯ ಗುಳಿಗೆ ಹಾಕಿದಾಗ 18 ಮಿ.ಮೀ. ವಲಯ (ಬ್ಯಾಕ್ಟೀರಿಯಾ ಬೆಳೆಯದ ಜಾಗ) ಬಂತು, ಹಾಗಾಗಿ ಅದು ಬ್ಯಾಕ್ಟೀರಿಯಾ ವಿರುದ್ಧ ಪ್ರಬಲ ಎನ್ನುತ್ತದೆ ನಾನು ಓದಿದ ಒಂದು ಸಂಶೋಧನಾ ಲೇಖನ. ಇಷ್ಟಕ್ಕೇ ಒಪ್ಪಲಾಗದು. ಸಾರ ತೆಗೆಯಲು ಬಳಸಿದ ಮೆಥನಾಲ್ ಪೂರ್ತಿ ಆವಿಯಾಗಿತ್ತೇ, ಇಲ್ಲ ಅದೇ ವಲಯ ಮಾಡಿತೇ? ಹೋಲಿಕೆಗಾಗಿ ಬರೀ ಡಿಎಂಎಸ್‌ಒ (ಸಾರ ಕರಗಿಸುವ ದ್ರಾವಕ) ತುಂಬಿದ ಗುಳಿಯ ಫಲಿತಾಂಶ ಎಲ್ಲಿ? ಬ್ಯಾಕ್ಟೀರಿಯಾ ಬೆಳೆಸುವ ಜೆಲ್ಲಿಯಂಥ ಅಗಾರ್ 4 ಮಿ.ಮೀ.ಗಿಂತ ತೆಳುವಾದರೂ, ಬ್ಯಾಕ್ಟೀರಿಯಾ ದ್ರಾವಣ 0.5 ಮ್ಯಾಕ್‌ಫರ್ಲ್ಯಾಂಡ್‌ಗಿಂತ (ದ್ರಾವಣದ ಕದಡು ಅಳೆಯುವ ಮಾನಕ) ತಿಳಿಯಾದರೂ ವಲಯ ಸುಮ್ಮನೆ ಹಿಗ್ಗುತ್ತದೆ.

ತೊಗಟೆಯಲ್ಲಿ ಟ್ಯಾನಿನ್ (ಒಗರು ರುಚಿ ಕೊಡುವ ಫೀನಾಲ್ ವಸ್ತು) ಹೇರಳ. ಅದು ಪ್ರೋಟೀನುಗಳಿಗೆ ಅಂಟಿಕೊಂಡೇ ಬೆಳವಣಿಗೆ ತಡೆಯಬಲ್ಲದು. ಟ್ಯಾನಿನ್ ಹಿಡಿದುಕೊಳ್ಳುವ ಪಿವಿಪಿಪಿ ಪುಡಿ ಬಳಸಿ ಟ್ಯಾನಿನ್ ತೆಗೆದು ಮತ್ತೊಮ್ಮೆ ಪರೀಕ್ಷಿಸಲೇಬೇಕು. ಜೊತೆಗೆ 96 ಗುಳಿಗಳ ತಟ್ಟೆಯಲ್ಲಿ ಎಂಐಸಿ (ಬೆಳವಣಿಗೆ ತಡೆಯುವ ಅತಿ ಕಡಿಮೆ ಸಾಂದ್ರತೆ) ನೋಡಿ. ಸಾರದ ಕಂದುಬಣ್ಣದಲ್ಲಿ ಬ್ಯಾಕ್ಟೀರಿಯಾ ಬೆಳೆದ ಕದಡು ಕಾಣದು, ಜೀವಂತ ಬ್ಯಾಕ್ಟೀರಿಯಾ ಇದ್ದರೆ ನೀಲಿಯಿಂದ ಗುಲಾಬಿಯಾಗುವ ರೆಸಜುರಿನ್ ಬಣ್ಣ ಹಾಕಬೇಕಾಗುತ್ತದೆ. ಆದರೆ ಎಚ್ಚರ: ತೊಗಟೆಯ ಫೀನಾಲುಗಳೇ ಅದನ್ನು ಗುಲಾಬಿಯಾಗಿಸಬಹುದು. ಹಾಗಾಗಿ ಬ್ಯಾಕ್ಟೀರಿಯಾ ಇಲ್ಲದ, ಸಾರ ಮತ್ತು ರೆಸಜುರಿನ್ ಮಾತ್ರ ಇರುವ ಗುಳಿಯನ್ನು ಪ್ರತಿ ಸಾಂದ್ರತೆಗೂ ಇಡಿ.