ಸುಟ್ಟದ್ದು ಕಳೆದು ಉಳಿದದ್ದು

ಸದ್ಯಕ್ಕೆ ನಮ್ಮ ಮನೆಯ ಊಟದ ಮೇಜಿನಲ್ಲಿ ಅರ್ಧ ಭಾಗ ನಿಷೇಧಿತ ಪ್ರದೇಶ. ಅಲ್ಲೊಂದು ಬಿಳಿ ಟವೆಲ್, ಟವೆಲ್ ಮೇಲೆ ಒಂದು ಪುಸ್ತಕ, ಪಕ್ಕದಲ್ಲಿ ಭೂತಗನ್ನಡಿ. ಕುಕ್ಕರ್ ಕೂಗಿದರೆ ಪುಸ್ತಕಕ್ಕೆ ಆವಿ ತಾಗುತ್ತದಂತೆ. ಒಗ್ಗರಣೆ ಹಾಕಿದರೆ ಎಣ್ಣೆ ಹಾರುತ್ತದಂತೆ. ಸ್ಟುಟ್‌ಗಾರ್ಟಿನ ಈ ಬಾಡಿಗೆ ಮನೆಯಲ್ಲಿ ಒಲೆಗೂ ಊಟದ ಮೇಜಿಗೂ ನಡುವೆ ಗೋಡೆಯೇ ಇಲ್ಲ. ಹಾಗಾಗಿ ಬೇಳೆ ಬೇಯಬೇಕಾದರೆ ಮೊದಲು ಪುಸ್ತಕ ಮಲಗುವ ಕೋಣೆಗೆ ಹೋಗಬೇಕು. ಎತ್ತಿಕೊಂಡು ಹೋಗುವವರು ಮಾವನವರು, ಮುಂದೆ ಮುಂದೆ ಹೋಗಿ ಬಾಗಿಲು ತೆಗೆಯುವವಳು ನಾನು. ಇವರು ಮಾತ್ರ ಆಫೀಸಿನ ಮೀಟಿಂಗ್ ಅಂತ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಕೂತಿರುತ್ತಾರೆ. ಸೊಸೆಯಾದವಳಿಗೆ ಅಂಥ ಮೀಟಿಂಗುಗಳು ಇರುವುದಿಲ್ಲ.

ಮಾವನವರು ಹಾಸನದಲ್ಲಿ ಬ್ಯಾಂಕ್ ಮ್ಯಾನೇಜರ್ ಆಗಿ ನಿವೃತ್ತರಾದವರು. ಬೇಸಿಗೆ ಕಳೆಯಲು ಅತ್ತೆಯ ಜೊತೆ ಬಂದಿದ್ದಾರೆ. ಊರಿಂದ ಬಂದ ಅಪ್ಪ ಅಮ್ಮನನ್ನು ಶನಿವಾರ ಎಲ್ಲಿಗೆ ಕರೆದುಕೊಂಡು ಹೋಗೋದು ಅನ್ನೋ ತಲೆನೋವು ಇಲ್ಲಿರುವ ಪ್ರತಿ ಕನ್ನಡಿಗರ ಮನೆಯಲ್ಲೂ ಇದೆ. ಅರಮನೆ ಆಯಿತು, ಕಾರಿನ ಮ್ಯೂಸಿಯಂ ಆಯಿತು, ಟ್ಯೂಬಿಂಗನ್ನಿಗೆ ಹೋಗಿ ‘ಕಿಟ್ಟೆಲ್ ಕಣ್ಮುಚ್ಚಿದ ಊರು’ ಅಂತ ಕೈ ಮುಗಿದದ್ದೂ ಆಯಿತು. ಉಳಿದದ್ದು ಕಾರ್ಲ್ಸ್‌ಪ್ಲಾಟ್ಸ್‌ನಲ್ಲಿ ಶನಿವಾರ ಶನಿವಾರ ನಡೆಯುವ ಹಳೇ ಸಾಮಾನಿನ ಸಂತೆ. ಅಲ್ಲಿಗೆ ಕರೆದುಕೊಂಡು ಹೋಗಿದ್ದು ಮೀಟಿಂಗಿನವರೇ, ಅದನ್ನು ಇಲ್ಲಿ ದಾಖಲಿಸಿಬಿಡುತ್ತೇನೆ.

ಮೊದಲ ಅಂಗಡಿಯಲ್ಲೇ ಮಾನ ಹೋಗುವುದಿತ್ತು. ಒಂದು ಪುಸ್ತಕದ ಹೊದಿಕೆಯ ಮೇಲೆ ಹದ್ದಿನ ಚಿತ್ರ, ಹದ್ದಿನ ಕಾಲ ಬುಡದಲ್ಲಿ ಒಂದು ಕಾಗದದ ಚೂರು ಅಂಟಿಸಿತ್ತು. ನಾಜಿ ಲಾಂಛನವನ್ನು ಸಾರ್ವಜನಿಕವಾಗಿ ತೋರಿಸುವುದು ಇಲ್ಲಿಯ ದಂಡಸಂಹಿತೆಯ 86ಎ ಕಲಮಿನ ಪ್ರಕಾರ ಅಪರಾಧ, ಅದಕ್ಕೆ ವ್ಯಾಪಾರಿಗಳು ಹೀಗೆ ಮುಚ್ಚಿಡುತ್ತಾರೆ. ಮಾವನವರು ‘ರೇಟು ಮುಚ್ಚಿಟ್ಟಿದಾನೆ ನೋಡು’ ಅಂತ ಉಗುರಿನಲ್ಲಿ ಕೆರೆಯಲು ಶುರು ಮಾಡಿದರು. ಅಂಗಡಿಯವನು ಎದ್ದು ಬಂದ ರಭಸಕ್ಕೆ ಅತ್ತೆ ನನ್ನ ಬೆನ್ನ ಹಿಂದೆ ಸರಿದರು.

ಈ ಗಲಾಟೆಯ ಮುಜುಗರಕ್ಕೋ ಏನೋ, ಪಕ್ಕದ ಅಂಗಡಿಯಲ್ಲಿ ಏನಾದರೂ ಕೊಳ್ಳಲೇಬೇಕಾಯಿತು. ಅಂಗೈಯಗಲದ, ರಟ್ಟೂ ಇಲ್ಲದ, ಕಂದಿದ ಕಾಗದದ ಕಥೆ ಪುಸ್ತಕ. ಇಸವಿ 1943. ಐದು ಯೂರೋ ಅಂದದ್ದನ್ನು ಮಾವನವರು ಬರೀ ಬೆರಳಿನ ಭಾಷೆಯಲ್ಲಿ ಮೂರಕ್ಕಿಳಿಸಿದರು. ಅಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ರಾತ್ರಿ ಬಸವನಗುಡಿಯ ಅಣ್ಣನ ಮಗನಿಗೆ ಫೋಟೋ ಹೋಯಿತು. ಅವನು ಅರ್ಧ ಗಂಟೆಯಲ್ಲಿ ಹುಡುಕಿ ತೆಗೆದ: ಇದೇ ಪುಸ್ತಕವನ್ನು ಯಾರೋ ಆನ್‌ಲೈನಿನಲ್ಲಿ 480 ಯೂರೋಗೆ ಮಾರಾಟಕ್ಕಿಟ್ಟಿದ್ದಾರೆ!

“ಮಾವ, ಅದು ಅವರು ಕೇಳ್ತಿರೋ ಬೆಲೆ. ಯಾರೂ ಕೊಂಡಿಲ್ಲ, ಅದಕ್ಕೇ ಇನ್ನೂ ಅಲ್ಲೇ ಇದೆ.”

“ಒಳ್ಳೇ ಮಾಲು ನಿಧಾನಕ್ಕೇ ಹೋಗೋದಮ್ಮ.”

ಆಮೇಲೆ ಶುರುವಾಯಿತು ಸಂಶೋಧನೆ. ಪುಸ್ತಕವಿರುವುದು ಹಳೇ ಗಾಥಿಕ್ ಅಕ್ಷರದಲ್ಲಿ, ಅಂದರೆ ಫ್ರಾಕ್ಟೂರ್‌ನಲ್ಲಿ. ಅದನ್ನು ಹಿಟ್ಲರ್ ಸರ್ಕಾರವೇ 1941ರ ಜನವರಿಯಲ್ಲಿ ಕೈಬಿಟ್ಟಿತ್ತು. ‘ಇದು ಯೆಹೂದ್ಯರ ಅಕ್ಷರ’ ಅಂತ ಹಿಟ್ಲರನ ಆಪ್ತ ಬೋರ್ಮನ್ ಒಂದು ಸುತ್ತೋಲೆ ಹೊರಡಿಸಿದ್ದ. ಆ ಮಾತಿಗೆ ತಲೆಬುಡವಿಲ್ಲ, ಆದರೆ ಸುತ್ತೋಲೆ ಅಂದಮೇಲೆ ಸುತ್ತೋಲೆ. ಮಾವನವರ ತರ್ಕ ನೇರವಾಗಿತ್ತು: “ನಲವತ್ತೊಂದರಲ್ಲಿ ನಿಂತುಹೋದ ಅಕ್ಷರ, ನಲವತ್ಮೂರರ ಪುಸ್ತಕ. ಕದ್ದು ಅಚ್ಚು ಹಾಕಿರೋದು!” ಅಚ್ಚುಮೊಳೆಗಳನ್ನು ರಾತ್ರೋರಾತ್ರಿ ಬದಲಿಸಲಾಗದೆ ಎಷ್ಟೋ ಮುದ್ರಣಾಲಯಗಳು ಆಮೇಲೂ ಇದ್ದದ್ದರಲ್ಲೇ ನಡೆಸಿದವು ಅಂದೆ. ಮೂವತ್ತೈದು ವರ್ಷ ಬ್ಯಾಂಕಿನಲ್ಲಿ ಸುತ್ತೋಲೆ ಪಾಲಿಸಿದವರಿಗೆ ಅದು ಪಥ್ಯವಾಗಲಿಲ್ಲ.

ಇನ್ನು ಪುಸ್ತಕದ ಮೂಲ. ಪ್ರಕಾಶಕರ ಊರು ಲೈಪ್‌ಜಿಗ್ ಅಂತಿದೆ. ಕೊನೆಯ ಪುಟದ ತಳದಲ್ಲಿ ಇರುವೆಯಷ್ಟು ಸಣ್ಣಕ್ಷರದಲ್ಲಿ ‘ಕೆ’, ಅದರ ಮುಂದೊಂದು ಸಂಖ್ಯೆ. ಭೂತಗನ್ನಡಿ ಹಿಡಿದಿದ್ದ ಮಾವನವರು ನಿಟ್ಟುಸಿರು ಬಿಟ್ಟು ಹೇಳಿದರು: “ಕೆ ಅಂದ್ರೆ ಕಿಟ್ಟೆಲ್ ಯಾಕಾಗಿರಬಾರದು?” ಕಿಟ್ಟೆಲ್ 1903ರಲ್ಲೇ ತೀರಿಕೊಂಡರು ಅಂದೆ. “ವಂಶಸ್ಥರು ಇರ್ತಾರಲ್ಲ.” ನಿಘಂಟು ಬರೆದ ಮಹಾನುಭಾವರ ಮೊಮ್ಮಕ್ಕಳಿಗೂ ನಮ್ಮ ಊಟದ ಮೇಜಿನಿಂದ ಬಿಡುಗಡೆಯಿಲ್ಲ. ಅಸಲಿಗೆ ಅದು ಯುದ್ಧಕಾಲದಲ್ಲಿ ಜರ್ಮನರ ವಶದಲ್ಲಿದ್ದ ಹಾಲೆಂಡಿನಲ್ಲಿ ಮುದ್ರಣಾಲಯಗಳಿಗೆ ಕೊಟ್ಟ ಗುರುತಿನ ಸಂಖ್ಯೆ. ಜರ್ಮನಿಯ ಪ್ರಕಾಶಕರು ಸೈನಿಕರಿಗೆ ಹಂಚುವ ಪುಸ್ತಕಗಳನ್ನು ಆಕ್ರಮಿತ ದೇಶಗಳಲ್ಲೂ ಅಚ್ಚು ಹಾಕಿಸುತ್ತಿದ್ದರು. ಕಾಗದಕ್ಕೆ ಎಲ್ಲೆಡೆ ರೇಷನ್ ಇದ್ದಾಗಲೂ ಸೈನ್ಯದ ಪುಸ್ತಕಗಳಿಗೆ ಸಿಗುತ್ತಿತ್ತು. ಬರ್ಟೆಲ್ಸ್‌ಮನ್ ಸಂಸ್ಥೆಯೊಂದೇ ಸೈನ್ಯಕ್ಕೆಂದು ತಯಾರಿಸಿದ್ದು ಸುಮಾರು 1.9 ಕೋಟಿ ಪ್ರತಿ. ಅಂದರೆ ಯುದ್ಧಕಾಲದ್ದು ಅಂದಮಾತ್ರಕ್ಕೆ ಅಪರೂಪದ್ದು ಅಂತಲ್ಲ, ಉಲ್ಟಾ.

ಇದಕ್ಕೆ ಸಾಕ್ಷಿ ಪುಸ್ತಕದೊಳಗೇ ಇತ್ತು. ಎಷ್ಟು ಪ್ರತಿ ಅಚ್ಚಾದವು ಅಂತ ಹಳೇ ಜರ್ಮನ್ ಪ್ರಕಾಶಕರು ಲೆಕ್ಕ ಹಾಕುತ್ತಿದ್ದದ್ದು ಸಾವಿರದಲ್ಲಿ. ನಮ್ಮದರ ಶೀರ್ಷಿಕೆ ಪುಟದ ಹಿಂಬದಿಯಲ್ಲಿ ‘151ರಿಂದ 200ನೇ ಸಾವಿರ’ ಅಂತಿತ್ತು. ಎರಡು ಲಕ್ಷ ಪ್ರತಿ, ಅದರಲ್ಲಿ ಈ ಕಂತೊಂದೇ ಐವತ್ತು ಸಾವಿರ. ಇನ್ನಾದರೂ ಟವೆಲ್ ತೆಗೆಯಬಹುದು ಅಂದುಕೊಂಡೆ. ಮಾವನವರ ಕಣ್ಣು ಹೊಳೆಯಿತು. ಡೈರಿ ತರಿಸಿ, ಸ್ಕೇಲಿಟ್ಟು ನಡುವೆ ಗೆರೆ ಎಳೆದು, ಎಡಗಡೆ ಬರೆದರು: ಓಪನಿಂಗ್ ಬ್ಯಾಲೆನ್ಸ್ 50,000.

“ಈಗ ಹೋಗಿದ್ದು ಎಷ್ಟು ಅಂತ ಕಳೀಬೇಕು ತಾನೆ?”

1943ರ ಡಿಸೆಂಬರ್ 4ರ ನಸುಕಿನಲ್ಲಿ ಬ್ರಿಟಿಷ್ ವಿಮಾನಗಳು ಲೈಪ್‌ಜಿಗ್ ಮೇಲೆ ಬಾಂಬು ಸುರಿದವು. ಪ್ರಕಾಶಕರು, ಅಚ್ಚುಕೂಟಗಳು, ಗೋದಾಮುಗಳೆಲ್ಲ ಒತ್ತೊತ್ತಾಗಿದ್ದ ಬಡಾವಣೆಯೇ ಉರಿದುಹೋಯಿತು. ಸುಟ್ಟ ಪುಸ್ತಕಗಳು ಅಂದಾಜು ಐದು ಕೋಟಿ. ಈ ವಿಷಯ ಹೇಳಿದ್ದು ನಾನೇ. ಮಾವನವರು ತಕ್ಷಣ ಇಪ್ಪತ್ತು ಸಾವಿರ ಕಳೆದರು.

“ಮಾವ, ಇದು ಹಾಲೆಂಡಿನಲ್ಲಿ ಅಚ್ಚಾಗಿ ಸೀದಾ ಸೈನ್ಯಕ್ಕೆ ಹೋಗಿದ್ದು. ಲೈಪ್‌ಜಿಗ್‌ನಲ್ಲಿ ಇರಲೇ ಇಲ್ಲ.”

“ಹೆಡ್ ಆಫೀಸ್ ಅಲ್ಲೇ ಅಲ್ವಾ? ಸ್ಟಾಕ್ ಇಟ್ಟಿರ್ತಾರೆ.”

ರಷ್ಯಾದ ಚಳಿಯಲ್ಲಿ ಸೈನಿಕರು ಬೆಂಕಿ ಕಾಯಿಸಲು ಹರಿದದ್ದು, ಹದಿನೈದು ಸಾವಿರ. ಸಿಗರೇಟು ಸುತ್ತಿದ್ದು, ಐದು ಸಾವಿರ. ಯುದ್ಧ ಮುಗಿದ ಮೇಲೆ 1946ರ ಮೇ ತಿಂಗಳಲ್ಲಿ ಗೆದ್ದ ನಾಲ್ಕು ದೇಶದವರು ನಾಜಿ ಪುಸ್ತಕಗಳನ್ನೆಲ್ಲ ವಾಪಸು ಪಡೆದು ನಾಶ ಮಾಡಲು ಆಜ್ಞೆ ಮಾಡಿದ್ದರು. ನಮ್ಮದು ಹಳ್ಳಿಯ ಬೇಟೆಗಾರನ ಕಥೆ, ಅದಕ್ಕೂ ನಾಜಿಗಳಿಗೂ ಸಂಬಂಧವಿಲ್ಲ. “ಕಣ್ತಪ್ಪಿನಿಂದ ಹೋಗಿರುತ್ತೆ,” ನಾಲ್ಕು ಸಾವಿರ. ರದ್ದಿಗೆ ಹೋದದ್ದು ಆರು ಸಾವಿರದ ಏಳುನೂರು. ಏಳುನೂರು ಯಾಕೆ ಅಂತ ಕೇಳಿದ್ದಕ್ಕೆ, ರೌಂಡ್ ಫಿಗರ್ ಇದ್ದರೆ ಆಡಿಟರ್‌ಗೆ ಅನುಮಾನ ಬರುತ್ತೆ ಅಂದರು. ಕೊನೆಗೆ ಗೆದ್ದಲು ಅಂತ ಬರೆದು ಎರಡು ಸಾವಿರ ಹಾಕಿದಾಗ, ಅಲ್ಲಿಯವರೆಗೆ ಹುರುಳೀಕಾಯಿ ಸೋಸುತ್ತಿದ್ದ ಅತ್ತೆ ತಲೆ ಎತ್ತಿದರು. “ಈ ಊರಲ್ಲಿ ಗೆದ್ದಲು ಎಲ್ರೀ ನೋಡಿದ್ರಿ?” ಬಹಳ ಚೌಕಾಸಿಯಾಗಿ ಗೆದ್ದಲು ಐನೂರಕ್ಕೆ ಇಳಿಯಿತು.

ಕೂಡಿ ಕಳೆದರೆ ಕ್ಲೋಸಿಂಗ್ ಬ್ಯಾಲೆನ್ಸ್ ಬಂದದ್ದು ಮೈನಸ್ 1,200.

ಅಂದರೆ ನಮ್ಮ ಮೇಜಿನ ಮೇಲಿರುವ ಪುಸ್ತಕ ಲೆಕ್ಕದ ಪ್ರಕಾರ ಇಲ್ಲವೇ ಇಲ್ಲ. ಇಲ್ಲದ ಪುಸ್ತಕಕ್ಕೆ ಆವಿ ತಾಗುವುದಿಲ್ಲ ಅಂತ ಕುಕ್ಕರ್ ಇಡಲು ಎದ್ದೆ. ಆದರೆ ಬ್ಯಾಂಕಿನವರ ಕೈಯಲ್ಲಿ ಯಾವ ಲೆಕ್ಕ ತಾಳೆಯಾಗದೆ ಉಳಿಯುತ್ತದೆ? ತಾಳೆಯಾಗದ 1,204 ಪ್ರತಿಯನ್ನು ಸಸ್ಪೆನ್ಸ್ ಅಕೌಂಟಿಗೆ ತಳ್ಳಿ, ರಾತ್ರಿ ಊಟದ ಹೊತ್ತಿಗೆ ತೀರ್ಪು ಕೊಟ್ಟರು. ಜಗತ್ತಿನಲ್ಲಿ ಉಳಿದಿರುವುದು ನಾಲ್ಕೇ ಪ್ರತಿ. ಊಟ ನಾವು ಮಾಡಿದ್ದು ಸೋಫಾದ ಮೇಲೆ, ತಟ್ಟೆ ತೊಡೆಯ ಮೇಲಿಟ್ಟುಕೊಂಡು.

ಹಳೇ ಪುಸ್ತಕದ ಅಂಗಡಿಯವರ ಹತ್ತಿರ ಕರೆದುಕೊಂಡು ಹೋದೆ. ಅವರು ಮೂರೇ ಕಡೆ ತೆರೆದು ನೋಡಿದರು: ಶೀರ್ಷಿಕೆಯ ಹಿಂಬದಿ, ಕೊನೆಯ ಪುಟ, ಮೊದಲ ಖಾಲಿ ಹಾಳೆ. ಆ ಹಾಳೆಯಲ್ಲಿ ಪೆನ್ಸಿಲಿನ ಬರಹವಿತ್ತು. ಗೊತ್ತಿರದವರ ಕೈಬರಹವಿದ್ದರೆ ಬೆಲೆ ಇಳಿಯುತ್ತದೆ, ನಾನು ಕೊಳ್ಳುವುದಾದರೆ ಎರಡು ಯೂರೋ ಅಂದರು. ನಿಜಕ್ಕೂ ಸಿಗದಂಥವು ಬೇರೆಯೇ ಇವೆಯಂತೆ. ಹಿಟ್ಲರ್ ವಿರೋಧಿಗಳು ಅಡುಗೆಯ ಕೈಪಿಡಿ, ತೋಟಗಾರಿಕೆಯ ಕೈಪಿಡಿ ಅಂತ ಸುಳ್ಳು ಮುಖಪುಟ ಹಾಕಿ ಒಳಗೆ ತಮ್ಮ ಬರಹ ಅಚ್ಚು ಹಾಕಿ ಗುಟ್ಟಾಗಿ ಹಂಚುತ್ತಿದ್ದರು. ಸಿಕ್ಕಿಬಿದ್ದರೆ ಜೈಲು, ಎಷ್ಟೋ ಸಲ ತಲೆಯೇ ಹೋಗುತ್ತಿತ್ತು. ಓದಿದವರು ಸುಟ್ಟುಹಾಕುತ್ತಿದ್ದರು, ಅದಕ್ಕೇ ಅವು ಅಪರೂಪ. ಇದನ್ನು ನಾನು ಕನ್ನಡದಲ್ಲಿ ಹೇಳಿದ ಮರುಕ್ಷಣವೇ ಮಾವನವರು ಅಡುಗೆ ಪುಸ್ತಕಗಳ ಕಪಾಟಿಗೆ ಕೈ ಹಾಕಿದರು.

ಪೆನ್ಸಿಲಿನ ಬರಹವನ್ನು ಓದಲು ನನಗೂ ಆಗಲಿಲ್ಲ, ಇಲ್ಲೇ ಶಾಲೆಗೆ ಹೋಗುವ ನನ್ನ ಮಗಳಿಗೂ ಆಗಲಿಲ್ಲ. ಅದು ಜ್ಯೂಟರ್ಲಿನ್ ಅನ್ನುವ ಹಳೇ ಕೈಬರಹ, ಅದನ್ನೂ ಶಾಲೆಗಳಲ್ಲಿ ನಿಲ್ಲಿಸಿದ್ದು 1941ರಲ್ಲೇ. ಕೆಳಮನೆಯ ಅಜ್ಜಿ ಅದಕ್ಕೂ ಮೊದಲೇ ಶಾಲೆಗೆ ಸೇರಿದವರು, ತೊಂಬತ್ತು ದಾಟಿದ್ದಾರೆ. ಅವರು ಕಿಟಕಿಯ ಬೆಳಕಿಗೆ ಹಿಡಿದು ಓದಿದರು. ‘ನನ್ನ ಪುಟ್ಟ ತಂಗಿಗೆ, ಕ್ರಿಸ್‌ಮಸ್ 1943. ಬರುವ ವರ್ಷ ನಾನೇ ಓದಿ ಹೇಳುತ್ತೇನೆ. ಅಣ್ಣ.’

ಯಾರೂ ಮಾತಾಡಲಿಲ್ಲ. ಒಂಟಿ ಮುದುಕಿಯರು ತೀರಿಕೊಂಡಾಗ ಮನೆ ಖಾಲಿ ಮಾಡಿಸುವವರು ಬರುತ್ತಾರೆ, ಸಂತೆಗೆ ಬರುವುದೆಲ್ಲ ಹಾಗೆ ಬಂದದ್ದೇ, ಅಂದರು ಅಜ್ಜಿ. ಎಂಬತ್ತು ವರ್ಷ ಆ ತಂಗಿ ಇದನ್ನು ಎಸೆಯದೆ ಇಟ್ಟುಕೊಂಡಿದ್ದಳು. ಹಾಳೆಗಳ ಮೂಲೆಗಳು ಬಟ್ಟೆಯಷ್ಟು ಮೆತ್ತಗಾಗಿದ್ದವು. ಅಣ್ಣ ಬಂದನೋ ಇಲ್ಲವೋ, ತಾನೇ ಓದಿಕೊಂಡಿದ್ದಳು. ಮಾವನವರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು, ಮತ್ತೆ ಒರೆಸಿದರು. ಆಮೇಲೆ ನನ್ನ ಕಡೆ ಬಗ್ಗಿ ಮೆಲ್ಲಗೆ ಕೇಳಿದರು: “ಇಂಥಾ ಬರಹಕ್ಕೂ ರೇಟ್ ಇಳಿಸ್ತಾನೇನಮ್ಮ ಅವನು?”

ಅಷ್ಟರಲ್ಲಿ ಅಜ್ಜಿ ಹೊದಿಕೆಯನ್ನು ತಿರುಗಿಸಿ ನೋಡಿ, ಇದು ನಮ್ಮ ನೆಲಮಾಳಿಗೆಯಲ್ಲೂ ಇದೆಯಲ್ಲ, ನಮ್ಮ ಮಾಮನದು, ನಮ್ಮ ಮಕ್ಕಳಿಗಂತೂ ಬೇಡ, ಬೇಕಿದ್ದರೆ ತೆಗೆದುಕೊಂಡು ಹೋಗಿ ಅಂದರು. ನಾನು ಬೇಡ ಅನ್ನುವಷ್ಟರಲ್ಲಿ ಮಾವನವರು ಮೆಟ್ಟಿಲು ಇಳಿದಾಗಿತ್ತು. ಅದೇ ಪುಸ್ತಕ, ಅದೇ ‘151ರಿಂದ 200ನೇ ಸಾವಿರ’, ಕೊನೆಯಲ್ಲಿ ಅದೇ ಕೆ. ಒಂದು ಗೀಟೂ ಇಲ್ಲದ ಹೊಸದರಂಥ ಪ್ರತಿ.

ಈಗ ಲೆಕ್ಕದ ಗತಿಯೇನು ಅಂತ, ಸ್ವಲ್ಪ ಖುಷಿಯಿಂದಲೇ ಕೇಳಿದೆ. ಮಾವನವರು ಆಗಲೇ ಎರಡನೇ ಟವೆಲ್ ಹಾಸುತ್ತಿದ್ದರು.

“ಲೆಕ್ಕ ಸರಿಯಾಗೇ ಇದೆಯಮ್ಮ. ಪ್ರಪಂಚದಲ್ಲಿರೋ ನಾಲ್ಕರಲ್ಲಿ ಎರಡು ನಮ್ಮನೇಲೇ ಇವೆ. ಇನ್ಮೇಲೆ ರೇಟು ನಾವೇ ಹೇಳಬಹುದು.”