ಬ್ಯಾಗ್ ಹೊತ್ತರೆ ಮರ್ಯಾದೆ ಹೋಗುತ್ತಾ?

ಹೆಗಲಿಗೆ ಗಾಲ್ಫ್ ಬ್ಯಾಗ್ ಹಾಕಿಕೊಂಡ ಫೋಟೋ ಮನೆಯ ಗ್ರೂಪಿಗೆ ಹಾಕಿದ್ದೇ ತಡ, ಬೆಂಗಳೂರಿನಿಂದ ಭಾವನ ಫೋನು. "ಏನಯ್ಯಾ, ಇಷ್ಟು ಓದಿ ಅಮೆರಿಕಕ್ಕೆ ಹೋಗಿದ್ದು ಕ್ಯಾಡಿ ಆಗೋಕಾ? ಅತ್ತೆಗೆ ತೋರಿಸ್ಬೇಡ, ಬೇಜಾರು ಮಾಡ್ಕೋತಾರೆ." ಕ್ಯಾಡಿ ಅಂದರೆ ಗಾಲ್ಫ್ ಆಟಗಾರನ ಬ್ಯಾಗ್ ಹೊತ್ತು ಜೊತೆಗೆ ನಡೆಯುವವನು. ತಮಾಷೆಗೇ ಅಂದದ್ದು. ಆದರೂ ಚುಚ್ಚಿತು.

ನಡೆದದ್ದಿಷ್ಟೇ. ಸಹೋದ್ಯೋಗಿಯ ಮಗ ಹವ್ಯಾಸಿ ಗಾಲ್ಫ್ ಆಟಗಾರರ ದೊಡ್ಡ ಪಂದ್ಯಾವಳಿಯಾದ ಯು.ಎಸ್. ಅಮೆಚೂರ್ ಅರ್ಹತಾ ಸುತ್ತಿನಲ್ಲಿ ಆಡುವವನಿದ್ದ, ಬ್ಯಾಗ್ ಹೊರಬೇಕಿದ್ದ ಅಪ್ಪನಿಗೆ ಮಂಡಿನೋವು. ನನ್ನನ್ನು ಕರೆದರು, ಹೋದೆ. ಜೊತೆಗೆ ಆಡುತ್ತಿದ್ದ ಇನ್ನೊಬ್ಬ ಹುಡುಗನ ಬ್ಯಾಗ್ ಹೊತ್ತವರು ಅವನ ಅಪ್ಪ, ಊರಿನಲ್ಲಿ ದೊಡ್ಡ ಡಾಕ್ಟರಂತೆ. ಮಗ ಮರಳು ತುಂಬಿದ ಗುಂಡಿಯಾದ ಬಂಕರ್‌ನಿಂದ ಚೆಂಡು ಹೊಡೆದು ಮುಂದೆ ಹೋದ. ಇವರು ಹಿಂದೆ ಹಿಂದೆ ಹೆಜ್ಜೆ ಇಡುತ್ತಾ, ಅವನ ಕಾಲಿನ ಗುರುತು, ತಮ್ಮ ಕಾಲಿನ ಗುರುತು ಎಲ್ಲ ಅಳಿಸಿ, ರೇಕ್ ಎಳೆದು ಮರಳು ಸಮ ಮಾಡಿದರು. ಆಮೇಲೆ ಬಂದು ಒದ್ದೆ ಟವೆಲ್‌ನಿಂದ ಕ್ಲಬ್ ಒರೆಸಿದರು. ಯಾರೂ ತಿರುಗಿ ನೋಡಲಿಲ್ಲ. ಇಲ್ಲಿ ಇದು ಮಾಮೂಲು. 2018ರಲ್ಲಿ ಪೆಬಲ್ ಬೀಚ್‌ನಲ್ಲಿ ನಾರ್ವೆಯ ಆಟಗಾರ ವಿಕ್ಟರ್ ಹೋವ್‌ಲ್ಯಾಂಡ್ ಇದೇ ಪ್ರಶಸ್ತಿ ಗೆದ್ದಾಗ ಬ್ಯಾಗ್ ಹೊತ್ತದ್ದು ಅವನ ಕಾಲೇಜಿನ ಕೋಚ್.

ಭಾವನ ಜೊತೆ ಬೆಂಗಳೂರಿನ ಕ್ಲಬ್ಬಿಗೂ ಹೋಗಿದ್ದೇನೆ. ವರ್ಷಗಳಿಂದ ಅವರಿಗೆ ಒಬ್ಬನೇ ಕ್ಯಾಡಿ. ಹೆಸರೇನು ಅಂದರೆ "ನಮ್ಮ ಹುಡುಗ" ಅಂತಾರೆ. ಹುಡುಗನಿಗೆ ಮೀಸೆ ನರೆತಿದೆ! ಗುಳಿಗೆ ಚೆಂಡು ತಳ್ಳುವ ಹೊಡೆತ, ಪಟ್, ತಪ್ಪಿದರೆ ಬೈಗುಳ ಅವನಿಗೆ, ಬಿದ್ದರೆ ಶಭಾಷ್‌ಗಿರಿ ಭಾವನಿಗೆ. ಆಟ ಮುಗಿದ ಮೇಲೆ ಕಾಫಿಗೆ ಭಾವ ಒಳಗೆ, ಅವನು ಹೊರಗೆ ಮರದಡಿಗೆ. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಮ್ಮ ಅದಿತಿ ಅಶೋಕ್ ನಾಲ್ಕನೇ ಸ್ಥಾನಕ್ಕೆ ಬಂದಾಗ ಬ್ಯಾಗ್ ಹೊತ್ತಿದ್ದು ಅವಳ ತಾಯಿ. ಆ ಫೋಟೋವನ್ನು ಭಾವನೇ ಸ್ಟೇಟಸ್‌ಗೆ ಹಾಕಿಕೊಂಡಿದ್ದರು. ನಾನು ಹೊತ್ತರೆ ಮಾತ್ರ ಮನೆತನದ ಮಾನ.

1916ರಲ್ಲಿ ಯು.ಎಸ್. ಓಪನ್, ಅಮೆಚೂರ್ ಎರಡನ್ನೂ ಗೆದ್ದ ಚಿಕ್ ಇವಾನ್ಸ್ ಹುಡುಗನಾಗಿದ್ದಾಗ ಕ್ಯಾಡಿ. ಅವನು ಶುರು ಮಾಡಿಸಿದ ವಿದ್ಯಾರ್ಥಿವೇತನ 1930ರಿಂದ ಕ್ಯಾಡಿ ಮಕ್ಕಳನ್ನು ಕಾಲೇಜಿಗೆ ಕಳಿಸುತ್ತಿದೆ. ನಮ್ಮಲ್ಲಿ ದೀಪಾವಳಿಗೆ ಒಂದು ಸ್ವೀಟ್ ಬಾಕ್ಸು ಕೊಟ್ಟರೆ ಅದೇ ಉಪಕಾರ.

ಹಾಗಂತ ಇಲ್ಲಿ ಎಲ್ಲ ಸರಿಯಿದೆ ಅಂತಲೂ ಅಲ್ಲ, ಬಿಡಿ. ಸಾಮಾನ್ಯ ಗಾಲ್ಫ್ ಮೈದಾನಗಳಲ್ಲಿ ಕ್ಯಾಡಿಗಳೇ ಕಾಣುವುದಿಲ್ಲ, ಹೆಚ್ಚಿನವರು ಬ್ಯಾಟರಿ ಗಾಡಿಯಲ್ಲಿ ಓಡಾಡುತ್ತಾರೆ. ಹೊಟ್ಟೆಪಾಡಿಗಲ್ಲದೆ ಒಂದು ದಿನ ಬ್ಯಾಗ್ ಹೊರುವುದು ನನಗೂ ಸುಲಭ, ಆ ಡಾಕ್ಟರಿಗೂ ಸುಲಭ. ಮೀಸೆ ನರೆತ ಆ "ಹುಡುಗ" ಗುಳಿಯ ಸುತ್ತಲಿನ ನುಣುಪು ಹುಲ್ಲಿನ ಗ್ರೀನ್ ಮೇಲೆ ಕಾಲಿಟ್ಟ ಕೂಡಲೇ ಚೆಂಡು ಯಾವ ಕಡೆ ವಾಲುತ್ತದೆ ಅಂತ ಹೇಳಿಬಿಡುತ್ತಾನೆ. ನಮ್ಮಿಬ್ಬರಿಗೂ ಅದು ಬರುವುದಿಲ್ಲ. 2025ರ ಆಗಸ್ಟ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಒಲಿಂಪಿಕ್ ಕ್ಲಬ್ಬಿನಲ್ಲಿ, ಮಂಜಿಗೆ ಸ್ವೆಟರ್ ಹಾಕಿಕೊಂಡು ಅಮೆಚೂರ್ ನೋಡಿದೆ. ಹದಿನೆಂಟರ ಮೇಸನ್ ಹಾವೆಲ್ ಗೆದ್ದ. ನನ್ನ ಕಣ್ಣಿಗೆ ಬಿದ್ದ ಹುಡುಗರಲ್ಲಿ ಹೆಚ್ಚಿನವರು ಕಾಲೇಜು ತಂಡದವರೇ, ಅನುಕೂಲಸ್ಥರ ಮಕ್ಕಳ ಹಾಗೇ ಕಂಡರು. ಕ್ಯಾಡಿಯಾಗಿ ಶುರುಮಾಡಿ 2009ರಲ್ಲಿ ಇಂಡಿಯನ್ ಓಪನ್ ಗೆದ್ದ ಸಿ. ಮುನಿಯಪ್ಪ ಮಾತ್ರ ಬೆಂಗಳೂರಿನವರು. ಭಾವ ಈ ಹೆಸರು ಎತ್ತಿದಾಗ ನಾನು ಬಾಯಿ ಮುಚ್ಚಿಕೊಂಡಿದ್ದೆ.