ರಾಟೆ, ಗೋಡೆ ಮತ್ತು ನನ್ನ ಬಲಭುಜ

ವಾರಕ್ಕೆ 168 ಗಂಟೆ. ಅದರಲ್ಲಿ ನನ್ನ ಬಲಭುಜ ಫಿಸಿಯೋಥೆರಪಿಯ ಹುಡುಗಿಯ ಕೈಯಲ್ಲಿರುವುದು ಹೆಚ್ಚೆಂದರೆ ಒಂದು ಗಂಟೆ. ಮಿಕ್ಕ 167 ಗಂಟೆ ಅದು ನಮ್ಮ ಮನೆಯವರ ಬಾಯಲ್ಲಿರುತ್ತದೆ.

ನನಗೆ ಬಂದಿರುವುದು ಫ್ರೋಜನ್ ಶೋಲ್ಡರ್. ನಲವತ್ತು ದಾಟಿದವರನ್ನು, ಅದರಲ್ಲೂ ಹೆಂಗಸರನ್ನೂ ಸಕ್ಕರೆ ಕಾಯಿಲೆಯವರನ್ನೂ ಹೆಚ್ಚಾಗಿ ಹಿಡಿಯುವ ತೊಂದರೆ. ಭುಜದ ಕೀಲನ್ನು ಸುತ್ತಿರುವ ಪೊರೆ ದಪ್ಪಗಾಗಿ ಬಿಗಿದುಕೊಳ್ಳುತ್ತದೆ. ಮೊದಲು ನೋವು, ಆಮೇಲೆ ಬಿಗಿತ, ಆಮೇಲೆ ನಿಧಾನವಾಗಿ ಸಡಿಲ. ಒಟ್ಟು ವ್ಯವಹಾರ ಮುಗಿಯಲು ಒಂದರಿಂದ ಮೂರು ವರ್ಷ ಹಿಡಿಯಬಹುದು. ಅಷ್ಟರವರೆಗೆ ಜಡೆ ಹೆಣೆಯಲಾಗದು, ಸೀರೆಯನ್ನು ಬೆನ್ನ ಹಿಂದೆ ಸಿಕ್ಕಿಸಲಾಗದು, ಅಟ್ಟದ ಮೇಲಿನ ಡಬ್ಬಿ ಕಣ್ಣಿಗಷ್ಟೇ ಎಟಕುತ್ತದೆ. ಈ ಕಾಯಿಲೆಗೆ 1934ರಲ್ಲಿ ಹೆಸರಿಟ್ಟ ಬಾಸ್ಟನ್ನಿನ ಶಸ್ತ್ರವೈದ್ಯ ಅರ್ನೆಸ್ಟ್ ಕಾಡ್‌ಮನ್, ಇದನ್ನು ಹೀಗೇ ಎಂದು ಹೇಳುವುದೂ ಕಷ್ಟ, ವಾಸಿ ಮಾಡುವುದೂ ಕಷ್ಟ, ಏಕೆ ಬರುತ್ತದೆಂದು ವಿವರಿಸುವುದೂ ಕಷ್ಟ ಎಂದಿದ್ದ. ಅತ್ತೆಗೆ ವಿವರಿಸುವುದು ಇನ್ನೂ ಕಷ್ಟವೆಂದು ಅವನು ಬರೆಯಲಿಲ್ಲ. ಪಾಪ, ಅವನಿಗೇನು ಗೊತ್ತು.

ಮನೆಯಲ್ಲಿ ಮಾಡಬೇಕಾದ ಮೊದಲನೆಯ ವ್ಯಾಯಾಮ ಲೋಲಕದ್ದು. ಎಡಗೈಯನ್ನು ಮೇಜಿಗೆ ಊರಿ, ಸೊಂಟ ಬಗ್ಗಿಸಿ, ಬಲಗೈಯನ್ನು ಜೋತುಬಿಟ್ಟು ಮೈಯನ್ನು ಅತ್ತಿತ್ತ ಆಡಿಸಬೇಕು. ಕೈ ತಾನಾಗಿಯೇ ತೂಗಬೇಕು, ನಾವು ತೂಗಿಸಬಾರದು. ನಾನು ಹೀಗೆ ತೂಗುತ್ತಿದ್ದುದನ್ನು ಎದುರುಮನೆಯವರು ಕಿಟಕಿಯಿಂದ ನೋಡಿದರು. ಎರಡೇ ನಿಮಿಷದಲ್ಲಿ ಟಾರ್ಚ್ ಹಿಡಿದು ಬಂದೇಬಿಟ್ಟರು. "ಓಲೆಯ ತಿರುಪು ಬಿತ್ತೇನ್ರೀ?" ಎನ್ನುತ್ತಾ, ನನ್ನ ಉತ್ತರಕ್ಕೂ ಕಾಯದೆ ಮೇಜಿನ ಕೆಳಗೆ ತೂರಿದರು. ನಾನು ಮೇಲೆ ತೂಗುತ್ತಲೇ "ಇಲ್ಲ, ಇದು ವ್ಯಾಯಾಮ" ಎಂದೆ. "ಇರಲಿ, ಹುಡುಕಿದರೆ ಸಿಕ್ಕೇ ಸಿಗುತ್ತದೆ" ಎಂದರು ಕೆಳಗಿನಿಂದ. ಸಿಕ್ಕಿತು ಕೂಡ: ದೀಪಾವಳಿಯಿಂದ ಕಾಣೆಯಾಗಿದ್ದ ಕುಕ್ಕರಿನ ವೆಯ್ಟ್. ಈ ವ್ಯಾಯಾಮದಿಂದ ನಮ್ಮ ಮನೆಗೆ ಈವರೆಗೆ ಆಗಿರುವ ಅತಿ ದೊಡ್ಡ ಲಾಭ ಅದೇ.

ಎರಡನೆಯದು ಗೋಡೆ ಹತ್ತುವುದು. ಗೋಡೆಗೆ ಮುಖ ಮಾಡಿ ನಿಂತು ಬೆರಳುಗಳನ್ನು ಜೇಡದ ಹಾಗೆ ಮೆಲ್ಲಗೆ ಮೇಲಕ್ಕೆ ನಡೆಸಬೇಕು. ಭುಜ ಎಳೆಯಬೇಕು, ಆದರೆ ಚೀರುವಷ್ಟು ನೋಯಬಾರದು. ಬಹಳ ಹೊತ್ತಾದರೂ ನೋವು ಇಳಿಯದಿದ್ದರೆ ಅತಿಯಾಯಿತೆಂದು ಅರ್ಥ. ಪ್ರಗತಿ ತಿಳಿಯಲೆಂದು ದಿನವೂ ತಲುಪಿದಲ್ಲಿ ಪೆನ್ಸಿಲ್ಲಿನಿಂದ ಒಂದು ಗೆರೆ ಎಳೆಯುತ್ತಿದ್ದೆ. ಎರಡು ವಾರದಲ್ಲಿ ಅಡುಗೆಮನೆಯ ಬಾಗಿಲ ಪಕ್ಕ ಗೆರೆಗಳ ಸಾಲೇ ಆಯಿತು. ತಿಂಗಳ ಕೊನೆಗೆ ನೀರಿನ ಕ್ಯಾನ್ ಹಾಕುವ ಹುಡುಗ ದುಡ್ಡಿಗೆ ಬಂದಾಗ ನಾನು ಮನೆಯಲ್ಲಿರಲಿಲ್ಲ. ನಮ್ಮವರು ಗೋಡೆಯ ಗೆರೆಗಳನ್ನು ಕನ್ನಡಕ ಹಾಕಿಕೊಂಡು ಎಣಿಸಿ, "ನಿನ್ನ ಲೆಕ್ಕ ತಪ್ಪಪ್ಪಾ, ಕಡಿಮೆ ಹೇಳುತ್ತಿದ್ದೀಯ" ಎಂದು ಪ್ರಾಮಾಣಿಕತೆಯಿಂದ ಜಗಳವಾಡಿ ಹೆಚ್ಚಿಗೆ ಕೊಟ್ಟು ಕಳುಹಿಸಿದ್ದರು. ನನ್ನ ಭುಜದ ಪ್ರಗತಿಗೆ ಯಾರಾದರೂ ಹಣ ಪಡೆದಿದ್ದರೆ ಆ ಹುಡುಗನೊಬ್ಬನೇ. ಫಿಸಿಯೋಥೆರಪಿಯವರು ಪಡೆಯುವುದು ಭುಜ ಇದ್ದಲ್ಲೇ ಇದ್ದರೂ ಕೊಡಬೇಕಾದ ಹಣ.

ಮೂರನೆಯದು ಬಾಗಿಲಿಗೆ ತೂಗುಹಾಕುವ ರಾಟೆ. ಹಗ್ಗದ ಎರಡೂ ತುದಿಗೆ ಹಿಡಿ. ಒಳ್ಳೆಯ ಕೈ ಕೆಳಗೆ ಎಳೆದರೆ ಕೆಟ್ಟ ಕೈ ಮೇಲಕ್ಕೆ ಏರುತ್ತದೆ. ಅತ್ತೆ ಕುರ್ಚಿ ಎಳೆದುಕೊಂಡು ಕುಳಿತು ಇದನ್ನು ಪೂರ್ತಿಯಾಗಿ ನೋಡಿದರು. "ನಮ್ಮ ಕಾಲದಲ್ಲೂ ಇತ್ತು. ಹಗ್ಗದ ತುದಿಗೆ ಕೊಡ ಇರುತ್ತಿತ್ತು, ಕೆಳಗೆ ಬಾವಿ ಇರುತ್ತಿತ್ತು. ಫೀಸು ಮಾತ್ರ ಇರಲಿಲ್ಲ" ಎಂದರು. ಮರುದಿನದಿಂದ ನಾನು ಕಚೇರಿಗೆ ಹೊರಟ ಮೇಲೆ ರಾಟೆಯಲ್ಲಿ ಅವರದೇ ಅಭ್ಯಾಸ. ಗೌರಿಹಬ್ಬದ ಹೊತ್ತಿಗೆ ಅದರಲ್ಲಿ ಬಾಳೆಗೊನೆ ನೇತಾಡುತ್ತಿತ್ತು. ವ್ಯಾಯಾಮಕ್ಕೆಂದೇ ತಂದಿದ್ದ, ಹಿಡಿದು ಎಳೆಯುವ ರಬ್ಬರ್ ಪಟ್ಟಿಯನ್ನು ಹುಡುಕಿದರೆ ಅದು ಹಳೆಯ ಪತ್ರಿಕೆಗಳ ಕಟ್ಟಿನ ಜೊತೆ ತೂಕಕ್ಕೆ ಹೋಗಿಯಾಗಿತ್ತು. ವ್ಯಾಯಾಮಕ್ಕೆ ಮುಂಚೆ ಭುಜಕ್ಕೆ ಶಾಖ ಕೊಡಲು ತಂದ ಬಿಸಿನೀರಿನ ಚೀಲ ಮಾತ್ರ ಭದ್ರವಾಗಿತ್ತು, ನಮ್ಮವರ ಸೊಂಟದ ಕೆಳಗೆ.

ಭುಜ ತೋರಿಸಲು ಹೋದವಳಿಗೆ ರಕ್ತದ ಸಕ್ಕರೆ ನೋಡಿಸಿಕೊಳ್ಳಲು ಹೇಳಿ ಹಬ್ಬದ ಹೋಳಿಗೆಗೂ ಕತ್ತರಿ ಹಾಕಿದರು, ಆ ದುಃಖದ ವಿಚಾರ ಬೇಡ.

ಇಷ್ಟಾದರೂ ಕೈ ಏರುತ್ತಿದೆ. ಕ್ಲಿನಿಕ್ಕಿನಲ್ಲಿ ಕೋನಮಾಪಕ ಹಿಡಿದು ಡಿಗ್ರಿ ಬರೆದುಕೊಳ್ಳುತ್ತಾರೆ. ಮನೆಯಲ್ಲಿ ಅದನ್ನು ನನಗಿಂತ ಮೊದಲು ಕೇಳುವವರು ನಮ್ಮವರು, ಏಕೆಂದರೆ ಬೆಳಿಗ್ಗೆ ನನ್ನ ಜಡೆ ಹೆಣೆಯುವ ಕೆಲಸ ಅವರ ಪಾಲಿಗೆ ಬಂದಿದೆ. ಮೂರು ಎಳೆ ಹಿಡಿದು ಶುರುಮಾಡುತ್ತಾರೆ, ಮುಗಿಸುವಾಗ ಹೇಗೋ ನಾಲ್ಕಾಗಿರುತ್ತವೆ.

ಮುಂದಿನ ವಾರದಿಂದ ಅರ್ಧ ಕಿಲೋ ತೂಕ ಎತ್ತಬೇಕಂತೆ. ಡಂಬೆಲ್ಸ್ ಕೊಳ್ಳಬೇಕಿಲ್ಲ, ಅರ್ಧ ಕಿಲೋ ತೊಗರಿಬೇಳೆಯ ಪೊಟ್ಟಣ ಹಿಡಿದರೂ ಸಾಕು ಎಂದರು. ಮನೆಗೆ ಬಂದು ಹೇಳಿದೆ.

"ಒಳ್ಳೆಯದಾಯಿತು, ಎತ್ತಿದ ಮೇಲೆ ಹಾಗೆಯೇ ಕುಕ್ಕರಿಗೆ ಹಾಕಿಬಿಡು" ಎಂದರು ಅತ್ತೆ. "ವೆಯ್ಟ್ ಹೇಗೂ ಸಿಕ್ಕಿದೆಯಲ್ಲ."